ದಬ್ಬುವ ಯಂತ್ರಕ್ಕೆ ನೇಗಿಲು ಕಟ್ಟಿದ್ದು

ಸರ್ಕಾರದ ಕಾಗದ ಒಂದು ಕಡೆ, ಹೊಟ್ಟೆಗಿಲ್ಲದ ಜನ ಒಂದು ಕಡೆ ನಿಂತರೆ ಸಾಕು, ನಡುವೆ ನಗುವಂಥದ್ದೊಂದು ಹುಟ್ಟಿಯೇ ಹುಟ್ಟುತ್ತದೆ. ನನ್ನ ಅರ್ಧ ಆಯುಷ್ಯ ಅದನ್ನು ನೋಡುವುದರಲ್ಲಿ ಹೋಗಿದೆ, ಉಳಿದರ್ಧ ಅದರ ವಿರುದ್ಧ ಕೂಗುವುದರಲ್ಲಿ.

ಮಹಾಯುದ್ಧ ಆಗತಾನೇ ಮುಗಿದಿತ್ತು. ಕಚೇರಿ ಮುಂದೆ ಕೂತು ಕೂಗಿ ಕೂಗಿ, ಕಂಪ್ಲಿ ಕಡೆಯ ನಲವತ್ತು ಕೂಲಿ ಕುಟುಂಬಗಳಿಗೆ ಬೀಳುಭೂಮಿ ಬರೆಸಿಕೊಂಡಿದ್ದೆವು. ಕೊಟ್ಟದ್ದೆಂಥ ಭೂಮಿ! ಆಳದವರೆಗೆ ಬೇರಿಳಿದ ಕರಿಕೆ ಹುಲ್ಲು. ಎತ್ತು ಹೂಡಿದರೆ ನೇಗಿಲೇ ಮುರಿಯುತ್ತಿತ್ತು. ಮೇಲೊಂದು ಷರತ್ತು: ಮುಂಗಾರಿಗೆ ಮೊದಲು ಉಳದಿದ್ದರೆ ಪಟ್ಟಾ ರದ್ದು. ಅಷ್ಟರಲ್ಲಿ ಹೊಸಪೇಟೆಯ ರೈಲ್ವೆ ಅಂಗಳದಲ್ಲಿ ಮಿಲಿಟರಿಯ ಹಳೇ ಬುಲ್ಡೋಜರ್ ಹರಾಜಿಗೆ ಬಂದಿದೆಯೆಂದು ತಿಳಿಯಿತು. ಮಣ್ಣು ದಬ್ಬುವ ಯಂತ್ರ, ಉಳುವುದಲ್ಲ. ಆದರೂ ಕುಣಿದುಬಿಟ್ಟೆವು.

ಟವೆಲಿನ ಕೆಳಗೆ

ಎಮ್ಮಿಗನೂರಿನ ಅಜ್ಜನೊಬ್ಬ ನಮ್ಮ ಜೊತೆ ಬಂದಿದ್ದ, ದನದ ಸಂತೆಯಲ್ಲೇ ಮುದುಕನಾದವನು. ಆ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತುತ್ತಾರೆ. ಇಬ್ಬರ ಕೈ ಟವೆಲಿನೊಳಗೆ ಇದ್ದಾಗ ಮೂರನೆಯವನು ಬಾಯಿ ಹಾಕಬಾರದು.

ಹರಾಜು ಶುರುವಾಯಿತು. ಮೊದಲ ಬೆಲೆ ಕೂಗಿದವನು ನಾನು. ಹರಾಜು ನಡೆಸುತ್ತಿದ್ದ ಸಾಹೇಬ ಅದನ್ನೇ ಗಟ್ಟಿಯಾಗಿ ಕೂಗಿದ್ದು ಕೇಳಿ ಅಜ್ಜನಿಗೆ ರೇಗಿತು. "ಊರಿಗೆಲ್ಲಾ ಕೇಳೋಹಂಗ ರೇಟು ಒದರ್ತಾನಲ್ಲ, ಮಾನ ಇಲ್ಲೇನು ಇವಂಗ?" ಎಂದವನೇ ನೇರ ಹೋಗಿ ಸಾಹೇಬನ ಕೈ ಹಿಡಿದು ಮೇಲೆ ಟವೆಲ್ ಹೊದಿಸಿಬಿಟ್ಟ. ಬೆರಳು ಒತ್ತಿದ ಹಾಗೆಲ್ಲ ಸಾಹೇಬ ಕಚಗುಳಿಯಾಗಿ ಕಿಸಿಕಿಸಿ ನಕ್ಕ. ಬೆಲೆ ಏರಿಸಲು ಬಂದಿದ್ದ ವರ್ತಕರೆಲ್ಲ ಟವೆಲ್ ಕಂಡ ಕೂಡಲೇ, ಹುಟ್ಟಿದಂದಿನ ರೂಢಿಯಂತೆ, ಗಪ್ಪಾದರು. ಸಾಹೇಬ ಮೂರು ಸಲ ಕೇಳಿದ. ಯಾರೂ ತುಟಿ ಬಿಚ್ಚಲಿಲ್ಲ. ನನ್ನ ಬೆಲೆಗೇ ಯಂತ್ರ ನಮ್ಮದಾಯಿತು.

ಅಜ್ಜ ಮಾತ್ರ ದಾರಿಯುದ್ದಕ್ಕೂ ಮರುಗಿದ: "ಪಾಪ, ಭಾಳ ಒಳ್ಳೇ ಮನಷ್ಯಾ. ಆದ್ರ ಯಾಪಾರ ಬರಂಗಿಲ್ಲ. ಒಂದು ಬೆರಳೂ ತಿರುಗಿ ಒತ್ತಲಿಲ್ಲ!"

ಮುಂದೆ ಕಟ್ಟಿದ ನೇಗಿಲು

ಸಂಡೂರಿನ ಗಣಿಯಲ್ಲಿ ಯಂತ್ರ ರಿಪೇರಿ ಮಾಡಿದ್ದ ಮೇಸ್ತ್ರಿಯನ್ನು ಕರೆತಂದೆವು, ಓಡಿಸುವವನೂ ಅವನೇ. ಯಂತ್ರದ ಬಲವೆಲ್ಲ ಮುಂದಿನ ಕಬ್ಬಿಣದ ಹಲಗೆಯಲ್ಲಿತ್ತು. ಹಿಂದೆ ನೇಗಿಲು ಕಟ್ಟಲು ಒಂದು ಕೊಂಡಿಯೂ ಇರಲಿಲ್ಲ.

"ದಬ್ಬೋದೇ ಅದರ ಕಸುಬು ಅಂದ್ರ ನೇಗಿಲನ್ನೂ ದಬ್ಬಲಿ. ಮುಂದ ಕಟ್ಟು!" ಎಂದು ಅಪ್ಪಣೆ ಕೊಟ್ಟೆ.

ಕಟ್ಟಿದ. ಯಂತ್ರ ಗುಡುಗಿತು. ಕರಿಕೆ ಬೇರು ಪಟಪಟ ಹರಿದು ಹಾರುತ್ತಿದ್ದರೆ ನಲವತ್ತು ಮನೆಯವರೂ ಸಿಳ್ಳೆ ಹಾಕುತ್ತ ಪಕ್ಕದಲ್ಲೇ ಓಡಿದೆವು. ಹೊಲದ ತುದಿ ಮುಟ್ಟಿ ತಿರುಗಿ ನೋಡಿದರೆ, ಮುಂದೆ ಉತ್ತದ್ದನ್ನು ಹಿಂದೆ ಚಕ್ರದ ಬದಲಿಗಿದ್ದ ಅದರ ಕಬ್ಬಿಣದ ಪಟ್ಟಿಗಳೇ ತುಳಿದು ರಸ್ತೆ ಮಾಡಿದ್ದವು.

"ನೋಡ್ರಪ್ಪೋ, ಸರ್ಕಾರ ಕೈಯಾಗ ಕೊಟ್ಟು ಕಾಲಾಗ ತುಳಿಯೋದೂ ಹಿಂಗ!" ಎಂದು ಭಾಷಣಕ್ಕೆ ನಿಂತೆ.

ಮೇಸ್ತ್ರಿ ಇಳಿದು ಬಂದ. "ಸರ್ಕಾರನ್ನ ಆಮ್ಯಾಲ ಬೈರಿ. ಮುಂದ ಕಟ್ಟು ಅಂದಾವ್ರು ನೀವು."

ರೊಟ್ಟಿಯ ಹಂಚು

ಮೇಸ್ತ್ರಿ ಹಲಗೆ ಬಿಚ್ಚಿ ಹಾಕಿ, ರೈಲು ಕಂಬಿಯ ತುಂಡು ಬಗ್ಗಿಸಿ ಹಿಂದೆ ಕೊಂಡಿ ಮಾಡಿದ. ಬಿಚ್ಚಿದ ಹಲಗೆಯನ್ನು ಹೆಂಗಸರು ಕಲ್ಲಿನ ಮೇಲಿಟ್ಟು ಕೆಳಗೆ ಬೆಂಕಿ ಹಾಕಿದರು. ಒಂದೇ ಸಲಕ್ಕೆ ಹತ್ತು ಜೋಳದ ರೊಟ್ಟಿ!

ಇತ್ತ ನೇಗಿಲು ನೆಲಕ್ಕಿಳಿದದ್ದೇ ತಡ, ಯಂತ್ರ ಬೆದರಿದ ಕುದುರೆಯಂತೆ ಮೂತಿ ಎತ್ತಿ ನಿಂತಿತು.

"ಮುಂದ ಭಾರ ಇಲ್ರಿ. ಹಲಗಿ ಇಸ್ಕೊಂಬರ್ರಿ ಜಲ್ದಿ," ಎಂದ ಮೇಸ್ತ್ರಿ.

ಹೋದೆ. ರೊಟ್ಟಿ ಬಡಿಯುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. "ಹಂಚು ಕೊಡಂಗಿಲ್ರಿ. ಭಾರಾನೇ ಬೇಕಾದ್ರ ನೀವಿಲ್ಲೇನು? ದಿನಾ ನಮ್ಮ ತಲಿ ಮ್ಯಾಲ ಕುಂತು ಭಾಷಣ ಮಾಡ್ತೀರಿ, ಇವತ್ತು ಅದರ ತಲಿ ಮ್ಯಾಲ ಕುಂದ್ರಿ."

ಆರು ಚೀಲ ಕಲ್ಲಿನ ಜೊತೆ ಏಳನೆಯ ಚೀಲವಾಗಿ ನಾನೂ ಕೂತೆ. ಹನ್ನೊಂದು ದಿನಕ್ಕೆ ಅಷ್ಟೂ ಭೂಮಿ ಕಪ್ಪಗೆ ಬಾಯ್ದೆರೆಯಿತು. ಆ ಸದ್ದಿನಲ್ಲಿ ನನ್ನ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಊರವರು ಅದನ್ನೇ ಹೆಚ್ಚಿನ ಲಾಭ ಎಂದರು.

ಎತ್ತಿನ ಜೋಡಿ

ಮೋಡ ಕಟ್ಟಿದ ದಿನವೇ ತಪಾಸಣೆಗೆ ಗುಮಾಸ್ತ ಬಂದ. ಬಿಳಿ ಕೋಟು, ಬಿಳಿ ಪೇಟ, ಕೈಯಲ್ಲಿ ಫಾರಂ. ಹೊಲ ನೋಡಿ ಬಾಯಿ ಬಿಟ್ಟ. ಆಮೇಲೆ ಅವನ ಪೆನ್ನು ನಿಂತಿತು.

"ಎತ್ತು ಎಷ್ಟು ಜೋಡಿ?"

"ಎತ್ತಿಲ್ಲ, ಯಂತ್ರದಾಗ ಉತ್ತೀವಿ."

"ಯಂತ್ರಕ್ಕ ಕಾಲಂ ಇಲ್ರಿ. ಎತ್ತಿನ ಕಾಲಂ ಖಾಲಿ ಇದ್ರ ಉತ್ತಿಲ್ಲಂತ ಲೆಕ್ಕ. ಪಟ್ಟಾ ರದ್ದು."

"ಕಣ್ಣಿಲ್ಲೇನಯ್ಯಾ? ಉತ್ತ ಮಣ್ಣಾಗ ಮೊಳಕಾಲಮಟ ಹೂತ್ಕೊಂಡು ನಿಂತೀ!"

"ಕಣ್ಣಿಗೂ ಕಾಲಂ ಇಲ್ರಿ."

ನನ್ನ ಮೈ ಉರಿದುಹೋಯಿತು. ಹೆಂಗಸರು ಮಕ್ಕಳನ್ನು ಅವುಚಿಕೊಂಡರು. ಆಗ ಅಜ್ಜ ಮುಂದೆ ಬಂದ.

"ಎತ್ತು ಅದಾವ್ರಿ. ಒಳಗದಾವ. ಲೇ ಮೇಸ್ತ್ರಿ, ಎಷ್ಟಲೇ?"

"ಸಿಲಿಂಡರಾ? ನಾಕು."

"ನಾಕು ಅಂದ್ರ ಎರಡು ಜೋಡಿ. ಬರ್ಕೋರಿ."

ಗುಮಾಸ್ತ ಯೋಚಿಸಿದ. ಕಾಲಂ ತುಂಬುತ್ತಿತ್ತು, ಅವನಿಗೆ ಬೇಕಾದದ್ದೂ ಅಷ್ಟೇ. "ಎರಡು" ಎಂದು ಬರೆದ. "ಮುಂದಿನ ಕಾಲಂ, ಎತ್ತಿನ ಬಣ್ಣ. ಅದನ್ನ ನಾನೇ ಕಣ್ಣಾರೆ ನೋಡಿ ಬರೀಬೇಕು," ಎಂದು ಯಂತ್ರದ ಮೇಲೆ ಬಗ್ಗಿ, ಹೊಗೆಕೊಳವೆಯ ಬಾಯಿಗೇ ಕಣ್ಣಿಟ್ಟ.

"ಎಬ್ಬಿಸಲೇ ಎತ್ತನ್ನ!" ಎಂದ ಅಜ್ಜ.

ಮೇಸ್ತ್ರಿ ಎಂಜಿನ್ ಶುರು ಮಾಡಿದ. ಢಮ್ಮೆಂದಿತು. ಗುಮಾಸ್ತ ತಲೆ ಎತ್ತಿದಾಗ ಹಲ್ಲೊಂದನ್ನು ಬಿಟ್ಟರೆ ಇನ್ನೇನೂ ಬಿಳುಪಾಗಿ ಉಳಿದಿರಲಿಲ್ಲ. ನಲವತ್ತು ಮನೆಯವರೂ ಬಾಯಿಗೆ ಸೆರಗು, ಟವೆಲು ತುರುಕಿಕೊಂಡರು. ಅವನು ಅಂಗೈಯಿಂದ ಮುಖ ಒರೆಸಿಕೊಂಡ. ಅಂಗೈಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಯಾರನ್ನೂ ಒಂದು ಮಾತು ಕೇಳದೆ, ಕಾಲಮಿನಲ್ಲಿ "ಕಪ್ಪು" ಎಂದು ಬರೆದು ಸಹಿ ಹಾಕಿದ.