ಬರ್ರಿ, ಊಟ ಮಾಡ್ರಿ

ಊಟಕ್ಕೆ ಕೂತಾಗ ಎದುರಿಗೆ ಯಾರಾದರೂ ನಿಂತಿದ್ದರೆ ಪೀರಮ್ಮನಿಗೆ ತುತ್ತು ಇಳಿಯುತ್ತಿರಲಿಲ್ಲ. "ಬರ್ರಿ, ಊಟ ಮಾಡ್ರಿ" ಅನ್ನಲೇಬೇಕು. ಸಂತೆಕಲ್ಲೂರಿನಲ್ಲಿ ಹುಟ್ಟಿದವರೆಲ್ಲ ಹಾಗೆಯೇ. ಈಗಷ್ಟೇ ಉಂಡಾಯಿತು ಎಂದು ಅದಕ್ಕೆ ಕೊಡುವ ಉತ್ತರವೂ ಎಲ್ಲರಿಗೂ ಗೊತ್ತು: "ಈಗರ ಆತ್ರಿ, ನೀವು ಮಾಡ್ರಿ." ಕರೆದವರಿಗೆ ಕರೆದ ಪುಣ್ಯ, ಒಲ್ಲೆ ಅಂದವರಿಗೆ ಮರ್ಯಾದೆ, ತಾಟಿನಲ್ಲಿದ್ದದ್ದು ತಾಟಿನಲ್ಲೇ. ಈ ಮಾತಿಗೆ ಬೇರೆ ಉತ್ತರವೂ ಇರಬಹುದೆಂದು ಅವಳಿಗೆ ತಿಳಿದದ್ದು ಬೆಂಗಳೂರಿನಲ್ಲಿ.

ಪೀರಮ್ಮ ಮಸ್ಕಿಯ ಖಾದರಬಾಷಾನ ರೊಟ್ಟಿ ಕೇಂದ್ರದಲ್ಲಿ ಖಡಕ್ ರೊಟ್ಟಿ ಬಡಿಯುತ್ತಿದ್ದಳು. ಹಗಲೆಲ್ಲ ಅಲ್ಲಿ ಬಡಿದು, ಸಂಜೆ ಮನೆಗೆ ಬಂದು ಮನೆಮಂದಿಗೆ ಬಡಿದು, ಕೊನೆಗೆ ತಾನು ಉಣ್ಣುವುದು ಮುರಿದ ರೊಟ್ಟಿ. ಮದುವೆಯಾದಂದಿನಿಂದ ತನ್ನ ಕೈಯದಲ್ಲದ ಊಟವನ್ನು ಬಿಸಿಬಿಸಿಯಾಗಿ ಉಂಡ ನೆನಪೇ ಅವಳಿಗಿರಲಿಲ್ಲ. ಒಂದೇ ಒಂದು ಸಲ ಫ್ಯಾನಿನ ಕೆಳಗೆ ಕೂಡಬೇಕು, ಬೇರೆ ಯಾರೋ ಮಾಡಿದ್ದನ್ನು ಬೇರೆ ಯಾರೋ ತಂದು ಮುಂದಿಡಬೇಕು. ಇಷ್ಟೇ ಅವಳ ಆಸೆ.

ಆ ಆಸೆಗೆ ಬಣ್ಣ ಹಚ್ಚಿದ್ದು ಪಕ್ಕದ ಒಲೆಯ ಹೊನ್ನೂರಮ್ಮನ ಮೊಬೈಲು. ಒಂದು ದಿನ ಅದರಲ್ಲಿ ಬೆಂಗಳೂರಿನ ಹೋಟೆಲೊಂದು ಕಾಣಿಸಿತು. ಹಿತ್ತಾಳೆಯ ದೊಡ್ಡ ತಾಟು, ಅದರ ಸುತ್ತ ಕೋಳಿಯ ಸುತ್ತ ಮರಿಗಳು ಕೂತಂತೆ ಸಣ್ಣ ಸಣ್ಣ ಬಟ್ಟಲು. ಊಟದ ಕೊನೆಗೆ, ಮಸೀದಿಯ ಗುಮ್ಮಟದಂಥ ಮುಚ್ಚಳ ಹಾಕಿದ ಒಂದು ತಟ್ಟೆ ಬಂತು. ಬಡಿಸುವವನು ಮುಚ್ಚಳಕ್ಕೆ ಕೈ ಹಾಕಿದ. ಅಷ್ಟರಲ್ಲಿ ಚಿತ್ರ ನಿಂತುಹೋಯಿತು.

"ಎವ್ವಾ, ನೆಟ್ ಖಾಲಿ ಆತು!" ಎಂದಳು ಹೊನ್ನೂರಮ್ಮ.

ಅಂದಿನಿಂದ ಪೀರಮ್ಮನ ಕಣ್ಣೆದುರು ಆ ಮುಚ್ಚಳವೇ ತೇಲುತ್ತಿತ್ತು. ಅದರ ಕೆಳಗೆ ಏನಿರಬಹುದು? ಕೆನೆಹಾಲಿನಲ್ಲಿ ತೇಲುವ ಕೇಸರಿ ಬಣ್ಣದ ಏನೋ? ಬಾಯಿಗಿಟ್ಟರೆ ಹಲ್ಲಿಗೆ ಸುದ್ದಿಯೇ ತಿಳಿಯದಂತೆ ಕರಗುವಂಥ ಏನೋ? ಹೀಗೆ ಅವಳು ಮನದೊಳಗೇ ಆ ಮುಚ್ಚಳವನ್ನು ಮೆಲ್ಲಗೆ ಎತ್ತುತ್ತಿದ್ದಾಗಲೇ ಒಂದು ದಿನ ಹಂಚಿನ ಮೇಲಿನ ರೊಟ್ಟಿಯ ಅಂಚು ಸೀದು ಕಪ್ಪಾಯಿತು.

"ಏ ಪೀರಮ್ಮಾ, ಎಲ್ಲಿ ಅದೀಬೇ ನೀ?" ಎಂದು ಖಾದರಬಾಷಾ ರೇಗಿದ. "ಒಂದ್ಕಡಿ ಸುಟ್ಟೈತಿ, ಇನ್ನೊಂದ್ಕಡಿ ನಿನ್ನ ಕೈಬಳಿ ಒತ್ಯಾವ. ರೊಟ್ಟಿ ಐತೋ ರೈಲು ಹಳಿ ಐತೋ? ಆ ಬಳಿ ತಗದು ಬಡಿ ಅಂತ ಎಷ್ಟ್ ಸಲ ಹೇಳ್ಬೇಕು?"

"ಬರಾಂಗಿಲ್ಲ ಅಣ್ಣಾ, ಕೈ ದಪ್ಪ ಆಗ್ಯಾವ" ಎಂದು ಪೀರಮ್ಮ ತಲೆ ತಗ್ಗಿಸಿದಳು. ಅವ್ವ ಇಡಿಸಿದ ಆ ಮೂರು ಬಳೆಗಳು ಮಣಿಕಟ್ಟಿನಲ್ಲಿ ಸಿಕ್ಕಿಕೊಂಡಿದ್ದವು. ಅವಳು ಬಡಿದ ರೊಟ್ಟಿಯ ಅಂಚಿಗೆಲ್ಲ ಬಿದಿಗೆ ಚಂದ್ರನಂಥ ಮೂರು ಗೆರೆ ಬೀಳುತ್ತಿದ್ದವು. ಖಾದರಬಾಷಾ ಗೊಣಗುತ್ತಲೇ ಆ ರೊಟ್ಟಿಯನ್ನೂ ಉಳಿದವುಗಳ ಮೇಲೆ ಪೇರಿಸಿದ.

ಇಷ್ಟರಲ್ಲಿ ಮಹಿಳಾ ಸಂಘಗಳ ಸಮಾವೇಶಕ್ಕೆ ಬೆಂಗಳೂರಿಗೆ ಬಸ್ಸು ಹೊರಟಿತು. ಪೀರಮ್ಮ ಎಲ್ಲರಿಗಿಂತ ಮೊದಲು ಹತ್ತಿ ಕೂತಳು. ಜೋಳದ ಗಡಿಗೆಯಲ್ಲಿ ಬಚ್ಚಿಟ್ಟಿದ್ದ ದುಡ್ಡು ಈಗ ಅವಳ ಸೊಂಟದ ಚೀಲದಲ್ಲಿತ್ತು.

ಸಮಾವೇಶದಲ್ಲಿ ಭಾಷಣ ಮುಗಿಯುವ ಲಕ್ಷಣ ಕಾಣಲಿಲ್ಲ. ಊಟದ ಪೊಟ್ಟಣ ಹಂಚತೊಡಗಿದಾಗ ಪೀರಮ್ಮ ಎದ್ದಳು.

"ಎಲ್ಲಿಗೆ ಹೊಂಟೀಬೇ?" ಹೊನ್ನೂರಮ್ಮನ ಕಣ್ಣು ಕಿರಿದಾದವು.

"ಇಲ್ಲೇ... ತಲಿ ನೋಯಾಕತ್ತೈತಿ. ಗುಳಿಗಿ ತರ್ತೀನಿ."

"ಗುಳಿಗಿಗೆ ಕನ್ನಡಿ ನೋಡ್ಕೊಂಡು ಹೋಗ್ತಾರೇನು?"

ಪೀರಮ್ಮ ಸೆರಗು ಸರಿಮಾಡಿಕೊಂಡು ಹೊರಬಿದ್ದಳು. ಆಟೋದವನಿಗೆ ಹೋಟೆಲಿನ ಹೆಸರು ಹೇಳಿದಳು. ಅದನ್ನು ಅವಳು ದೇವರ ಹೆಸರಿನಂತೆ ಬಾಯಿಪಾಠ ಮಾಡಿದ್ದಳು.

ಒಳಗೆ ಕಾಲಿಟ್ಟರೆ ಮಾಘಮಾಸದ ತಂಪು. ಎಲ್ಲಿಂದಲೋ ಸಣ್ಣಗೆ ಕೊಳಲಿನ ದನಿ. ಕುರ್ಚಿ ಎಷ್ಟು ಮೆತ್ತಗಿತ್ತೆಂದರೆ, ಕೂತಿದ್ದೇನೆಯೋ ಇಲ್ಲವೋ ಎಂದು ಅವಳು ಒಮ್ಮೆ ಕೈಯಾಡಿಸಿ ನೋಡಿಕೊಂಡಳು. ತಾಟು ಬಂತು. ಮೊಬೈಲಿನಲ್ಲಿ ಕಂಡದ್ದೇ! ಉಬ್ಬಿದ ಪೂರಿ, ಬದನೆಕಾಯಿ ಎಣ್ಣೆಗಾಯಿ, ಹಪ್ಪಳ, ಬಾದಾಮಿ ಹಲ್ವಾ, ಹೆಸರೇ ಗೊತ್ತಿಲ್ಲದ ಎಷ್ಟೋ ಬಟ್ಟಲು. ಬಟ್ಟಲುಗಳಿಂದ ಹಬೆ ಏಳುತ್ತಿತ್ತು. ಯಾವುದಕ್ಕೂ ತನ್ನ ಕೈ ತಾಗಿಲ್ಲ ಎಂದುಕೊಂಡಾಗ ಅವಳ ಕಣ್ಣು ಮಂಜಾದವು.

ಪೂರಿ ಮುರಿಯಬೇಕು, ಅಷ್ಟರಲ್ಲಿ ಎದುರಿಗೆ ಒಂದು ನೆರಳು ಬಿತ್ತು. ಜಾಗಕ್ಕಾಗಿ ಕಾಯುತ್ತಿದ್ದ ಹಿರಿಯರೊಬ್ಬರು, ಕನ್ನಡಕದೊಳಗಿಂದ ಅವಳ ತಾಟನ್ನೇ ನೋಡುತ್ತ ನಿಂತಿದ್ದರು.

"ಬರ್ರಿ, ಊಟ ಮಾಡ್ರಿ" ಎಂದಿತು ಪೀರಮ್ಮನ ಬಾಯಿ.

"ನಿಜವಾಗ್ಲೂ ಕರೀತಿದ್ದೀರೇನಮ್ಮಾ?"

"ಹೂಂರಿ, ಬರ್ರಿ" ಎಂದು 'ಈಗರ ಆತು' ಎನ್ನುವ ಮಾತಿಗೆ ಅವಳು ಕಾದಳು.

"ಈ ಊರಲ್ಲಿ ಹೀಗೆ ಕರೆಯೋರು ಯಾರಿದ್ದಾರೆ ಹೇಳಿ!" ಹಿರಿಯರು ಕೂತೇಬಿಟ್ಟರು. ಅವರ ಬೆರಳು ತಾಗಿದ್ದೇ ತಡ, ಪೂರಿ ಉಸ್ಸೆಂದು ಉಸಿರು ಬಿಟ್ಟಿತು. ಪೀರಮ್ಮನೂ ಬಿಟ್ಟಳು.

ಹೋಗಲಿ, ಬಟ್ಟಲುಗಳಿವೆಯಲ್ಲ ಎಂದುಕೊಂಡು ಎಣ್ಣೆಗಾಯಿಗೆ ಕೈ ಚಾಚಿದಳು. ಪಕ್ಕದಲ್ಲಿ ಮಗಳ ಕೈ ಹಿಡಿದು ಒಬ್ಬ ತಾಯಿ ನಿಂತಿದ್ದಳು. ಪೀರಮ್ಮ ತುಟಿ ಕಚ್ಚಿಕೊಂಡರೂ ಅದೇ ಮಾತು ಜಾರಿತು. "ಅಮ್ಮಾ, ಆಂಟಿ ಕರೀತಿದ್ದಾರೆ!" ಎಂದು ಹುಡುಗಿ ನೆಗೆದು ಕೂತು ಹಲ್ವಾದ ಬಟ್ಟಲನ್ನೇ ಅಪ್ಪಿಕೊಂಡಳು. "ಛೆ, ಪುಟ್ಟಿ!" ಎನ್ನುತ್ತ ತಾಯಿ ಎಣ್ಣೆಗಾಯಿಯನ್ನು ತನ್ನತ್ತ ಸರಿಸಿಕೊಂಡಳು.

ಬಡಿಸುವವನು ಓಡಿ ಬಂದ. "ಮೇಡಂ, ಇವರೆಲ್ಲ ನಿಮ್ಮ ಜೊತೆಯವ್ರಾ?"

"ಹಂಗೇನಿಲ್ರಿ..." ಪೀರಮ್ಮ ತಬ್ಬಿಬ್ಬಾದಳು. ಅವನೂ ಎದುರಿಗೇ ನಿಂತಿದ್ದನಲ್ಲ! "ನೀವೂ ಬರ್ರಿ, ಊಟ ಮಾಡ್ರಿ."

"ಡ್ಯೂಟಿಲಿದ್ದೀನಿ ಮೇಡಂ" ಎಂದ ಅವನು ಅತ್ತಿತ್ತ ನೋಡಿ ಹಪ್ಪಳವನ್ನು ಜೇಬಿಗಿಳಿಸಿದ. "ಕೊನೇಲಿ ನಮ್ಮ ಸ್ಪೆಷಲ್ ಇದೆ. ತರ್ತೀನಿ ಇರಿ."

ಸ್ಪೆಷಲ್! ಪೀರಮ್ಮನ ಜೀವ ಮರಳಿತು. ಆ ಮುಚ್ಚಳ! ಉಳಿದದ್ದೆಲ್ಲ ಹೋದರೆ ಹೋಗಲಿ. ಅದು ಬಂದಾಗ ದೇವರೇ ಎದುರಿಗೆ ನಿಂತರೂ ಕರೆಯಬಾರದು ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡಳು.

"ಇದೇ ಏನ ನಿನ್ನ ಗುಳಿಗಿ?"

ತಿರುಗಿ ನೋಡಿದರೆ ಹೊನ್ನೂರಮ್ಮ! ಅವಳ ಬೆನ್ನಿಗೆ ಸಂಘದ ಹೆಂಗಸರ ಒಂದು ಸಾಲು.

"ನಿನ್ನ ಹಿಂದನ ಆಟೋ ಮಾಡ್ಕೊಂಡು ಬಂದೀವಿ. ಒಬ್ಬಾಕೀನ ಉಣ್ಣಾಕ ಕುಂತೀಯಲ್ಲ, ನಾಚ್ಕಿ ಬರಾಂಗಿಲ್ಲೇನ?"

"ಬರ್ರಿ..." ಎಂದಳು ಪೀರಮ್ಮ, ಅಳುವ ದನಿಯಲ್ಲಿ.

ಹೊನ್ನೂರಮ್ಮನಿಗೆ ಸರಿಯಾದ ಉತ್ತರ ಗೊತ್ತಿತ್ತು. ಆದರೆ ಬೆಂಗಳೂರಿನ ಗಾಳಿ ಅವಳಿಗೂ ತಾಗಿತ್ತು. "ಇಷ್ಟು ಕರಿಯಾಕತ್ತೀ ಅಂದಮ್ಯಾಲ ಒಲ್ಲೆ ಅನ್ನಬಾರ್ದು" ಎಂದು ಕುರ್ಚಿ ಎಳೆದಳು. ಮಿಡತೆ ಹಿಂಡು ಬಂದು ಹೋದ ಹೊಲದಂತೆ ತಾಟು ಬೋಳಾಯಿತು. ಬಟ್ಟಲುಗಳು ಹೊಳೆಯತೊಡಗಿದವು.

ಆಗ ಗುಮ್ಮಟದ ಮುಚ್ಚಳ ತೇಲುತ್ತ ಬಂತು. ಎಲ್ಲರ ಕತ್ತು ಉದ್ದವಾಯಿತು. ಪೀರಮ್ಮ ಎರಡೂ ಕೈಯಿಂದ ತಟ್ಟೆಯನ್ನು ಬಳಸಿ ಹಿಡಿದು, ಜೀವಮಾನದಲ್ಲಿ ಮೊದಲ ಸಲ ಬಾಯಿ ಬಿಗಿದು ಕೂತಳು. ಕೊಳಲು ಇನ್ನೂ ಸಣ್ಣಗೆ ಹರಿಯುತ್ತಿತ್ತು. ಕೆನೆಹಾಲು, ಕೇಸರಿ, ಕರಗುವಂಥದು... ಅವಳು ಕಣ್ಣು ಮುಚ್ಚಿದಳು.

ಮುಚ್ಚಳ ಎದ್ದ ಸದ್ದಾಯಿತು. ಕಣ್ಣು ತೆರೆದಳು.

ಬಾಳೆ ಎಲೆಯ ಮೇಲೆ, ತುಸು ಬೆಣ್ಣೆ ಮತ್ತು ಶೇಂಗಾ ಚಟ್ನಿಪುಡಿಯ ನಡುವೆ, ಒಂದು ಖಡಕ್ ರೊಟ್ಟಿ.

"ಎಲ್ಲಿಂದಲೋ ದೂರದ ಹಳ್ಳಿಯಿಂದ ತರಿಸ್ತೀವಿ ಮೇಡಂ" ಎಂದ ಬಡಿಸುವವನು ಹೆಮ್ಮೆಯಿಂದ. "ಅಂಚಲ್ಲಿ ಮೂರು ಗೆರೆ ಇದೆ ನೋಡಿ, ಅದೇ ನಮ್ಮ ಗುರುತು. ಬೇರೆ ಯಾವ ಹೋಟೆಲಲ್ಲೂ ಈ ಡಿಸೈನ್ ಸಿಗಲ್ಲ."

ಪೀರಮ್ಮ ಕೈ ಮುಂದೆ ಚಾಚಿದಳು. ಮೂರು ಬಳೆಗಳು ಆ ಮೂರು ಗೆರೆಗಳ ಮೇಲೆ ಒಂದಿಷ್ಟೂ ಹೆಚ್ಚುಕಡಿಮೆಯಾಗದೆ ಕೂತವು. ಹೊನ್ನೂರಮ್ಮ ಬಳೆ ನೋಡಿದಳು, ರೊಟ್ಟಿ ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಪೀರಮ್ಮ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಹಾಕಿಕೊಂಡ ಆಣೆ ಮರೆತು, ಈ ಸಲ ಹೃದಯಪೂರ್ವಕವಾಗಿ, ಕೈಮುಗಿದು ಕರೆದಳು.

"ಬರ್ರಿ, ಊಟ ಮಾಡ್ರಿ."

ಹಿರಿಯರು ತೇಗಿದರು. ಹುಡುಗಿ ಹೊಟ್ಟೆ ಸವರಿಕೊಂಡಳು. ಹೊನ್ನೂರಮ್ಮ ಕುರ್ಚಿಗೆ ಒರಗಿ, ಸಂತೆಕಲ್ಲೂರಿನ ಮರ್ಯಾದೆಯನ್ನೆಲ್ಲ ದನಿಗೆ ತಂದುಕೊಂಡು ಹೇಳಿದಳು:

"ಈಗರ ಆತವ್ವಾ, ನೀ ಮಾಡು."

ಪೀರಮ್ಮ ರೊಟ್ಟಿ ಮುರಿದಳು. ಇನ್ನೊಂದು ಅಂಚು ತುಸು ಸೀದಿತ್ತು.