ಎಮ್ಮೆಗೆ ಹೇಳಿದ ಮಾತು, ವಹಿಯಲ್ಲಿ ಅಳಿಸಿದ ಮಾತು

ಇದನ್ನು ಹೇಳಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಮೊದಲು ಕನ್ನಡಕ ಬದಲಿಸಬೇಕು ಅಂದೆ, ಬದಲಿಸಿದೆ. ಆಮೇಲೆ ಜೋಳದ ರಾಶಿ ಮುಗಿಯಲಿ ಅಂದೆ, ಅದೂ ಮುಗಿಯಿತು. ನೆಪಗಳು ತೀರಿವೆ. ಆದ್ದರಿಂದ ಹೇಳಿಬಿಡುತ್ತೇನೆ: ಸೊಲ್ಲಾಪುರದಿಂದ ಅಕ್ಕಲಕೋಟೆಯವರೆಗೆ ಎಲ್ಲಿ ಹುಡುಕಿದರೂ ನನ್ನ ತಮ್ಮನ ಹೆಂಡತಿಯಂಥ ವಿಚಿತ್ರ ಹೆಂಗಸು ಇನ್ನೊಬ್ಬಳು ಸಿಗಲಾರಳು.

ನಮ್ಮ ಮನೆಗಳಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಎದುರು ನಿಂತು ಮಾತಾಡುವುದಿಲ್ಲ. ಆತನೂ ಆಕೆಯ ಹೆಸರು ಹಿಡಿದು ಕರೆಯುವುದಿಲ್ಲ. ಕುಂಭಾರಿಯ ಒಂದೇ ಮನೆಯಲ್ಲಿ ಮೂವತ್ತು ವರ್ಷ ಹೀಗೇ ಕಳೆದೆವು. ನನಗೆ ಹೇಳಬೇಕಾದ್ದನ್ನು ಆಕೆ ಬಾಗಿಲ ಮರೆಯಿಂದ ನನ್ನ ಹೆಂಡತಿಗೆ ಹೇಳುತ್ತಿದ್ದಳು. ಹೆಂಡತಿ ಇಲ್ಲದಿದ್ದರೆ ಎಮ್ಮೆಗೆ.

"ಚಾ ಆರಾಕತ್ತೈತಿ, ಕುಡಿಯವರು ಕುಡೀಲಿ," ಎಂದು ಎಮ್ಮೆಗೆ ಹೇಳಿದರೆ ನಾನು ಹೋಗಿ ಕುಡಿಯುತ್ತಿದ್ದೆ. "ಸಕ್ಕರಿ ಕಡಿಮಿ ಬಿದ್ದೈತಿ," ಎಂದು ನಾನೂ ಎಮ್ಮೆಗೇ ಉತ್ತರ ಕೊಡುತ್ತಿದ್ದೆ. ನಮ್ಮ ಮನೆಯ ವಿಚಾರ ಆ ಎಮ್ಮೆಗೆ ಗೊತ್ತಿದ್ದಷ್ಟು ನನ್ನ ತಮ್ಮನಿಗೂ ಗೊತ್ತಿರಲಿಲ್ಲ.

ಈಕೆಗೆ ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕಾರ್ಖಾನೆ ವಸಾಹತಿನಲ್ಲಿ ಕೆಲಸ. ಟವೆಲ್ ಕಾರ್ಖಾನೆ. ನೇಯ್ದು ಬಂದ ಟವೆಲ್ಲುಗಳಲ್ಲಿ ಎಳೆ ತಪ್ಪಿದ್ದನ್ನು ಹುಡುಕಿ ಬೇರೆ ಇಡುವುದು. ಐವತ್ತರ ಹತ್ತಿರ ಬಂದಾಗ ಕಾರ್ಖಾನೆಯವರು ಹೇಳಿದರು, ಹತ್ತನೇ ಪಾಸಾದವರನ್ನೇ ಆ ವಿಭಾಗದ ಸೂಪರ್ವೈಜರ್ ಮಾಡುತ್ತೇವೆಂದು. ಬೇರೆ ಯಾರಾದರೂ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿದ್ದರು. ಈಕೆ ಏಳನೇ ಇಯತ್ತೆಯವರೆಗೆ ಓದಿದ್ದ ಸಾಲೆಯ ದಾಖಲೆ ಹುಡುಕಿ ತೆಗೆದು, ಸಂಗಡಿಗರಾದ ಐದಾರು ಹೆಂಗಸರನ್ನೂ ಎಬ್ಬಿಸಿ, ಸಾಲೆಗೆ ಹೋಗದೆ ಬಾಹೇರಿನಿಂದ ಹತ್ತನೇ ಪರೀಕ್ಷೆಗೆ ಅರ್ಜಿ ಹಾಕಿದಳು.

ಸಾಲೆ ಎಲ್ಲಿ, ಮಾಸ್ತರರು ಎಲ್ಲಿ? ಎಲ್ಲವೂ ಫೋನಿನಲ್ಲಿ. ಪಾಠದ ವಿಡಿಯೋ ಫೋನಿನಲ್ಲಿ, ಪ್ರಶ್ನೆ ಕೇಳಿ ಉತ್ತರ ತೋರಿಸುವ ಚೀಟಿಗಳು ಫೋನಿನಲ್ಲಿ, ರಜೆಯ ದಿನ ಎಲ್ಲರೂ ಮುಖ ನೋಡಿಕೊಂಡು ಕೂಡುವ ಸಭೆಯೂ ಫೋನಿನಲ್ಲಿ.

"ಪುಕ್ಕಟೆ ಅಂದ್ರ ಪುಕ್ಕಟೆ ಅಕ್ಕಾ," ಎಂದು ನನ್ನ ಹೆಂಡತಿಗೆ ವಿವರಿಸುತ್ತಿದ್ದಳು. "ಮ್ಯಾಲ ಈ ಮಾಸ್ತರಗ ಸಿಟ್ಟೂ ಬರೂದಿಲ್ಲ. ಹತ್ತು ಸಲ ಹಿಂದಕ್ಕ ಜಗ್ಗಿ ಕೇಳಿದ್ರೂ ಮಾರಿ ಗಂಟ ಹಾಕೂದಿಲ್ಲ."

ಒಂದು ಗುರುವಾರ ಮನೆಯವರೆಲ್ಲ ಅಕ್ಕಲಕೋಟೆಗೆ ಸ್ವಾಮಿಗಳ ದರ್ಶನಕ್ಕೆ ಹೋದೆವು. ಉದ್ದನೆಯ ಪಾಳಿ. ಕಿವಿಗೆ ವಯರು ಸಿಕ್ಕಿಸಿ, ಕಣ್ಣು ಮುಚ್ಚಿ, ಈಕೆ "ಪೇಶಿ, ಕೇಂದ್ರಕ, ಹರಿತಲವಕ" ಎಂದು ವಿಜ್ಞಾನ ಬಾಯಿಪಾಠ ಮಾಡುತ್ತಿದ್ದಳು. ಹಿಂದೆ ನಿಂತ ಮುದುಕಿಯೊಬ್ಬಳು ಭಕ್ತಿಯಿಂದ ಕೈಮುಗಿದು ತಾನೂ ಶುರು ಮಾಡಿದಳು. ಆಕೆಯ ಹಿಂದಿನವರೂ ಹಿಡಿದರು. ದೇವರ ಮುಂದೆ ಬರುವ ಹೊತ್ತಿಗೆ ಅರ್ಧ ಪಾಳಿ ಜೀವಕೋಶದ ಭಾಗಗಳನ್ನು ಜಪಿಸುತ್ತಿತ್ತು. ಮುದುಕಿ ಆಮೇಲೆ ನನ್ನ ಹೆಂಡತಿಯನ್ನು ಕೇಳಿದಳು: "ಇದು ಯಾವ ಸ್ವಾಮಿಗಳ ಮಂತ್ರವಾ? ಭಾಳ ಸಮಾಧಾನ ಆತು."

ಓದುವ ಈ ಹೆಂಗಸರ ನಿಜವಾದ ಆಸ್ತಿ ಮಾತ್ರ ಒಂದು ವಹಿ. ಫೋನಿನೊಳಗಿನ ವಹಿ, ಎಲ್ಲರೂ ತಮ್ಮ ತಮ್ಮ ಫೋನಿನಿಂದ ಒಂದೇ ಪುಟದಲ್ಲಿ ಬರೆಯಬಹುದು, ಅಳಿಸಬಹುದು. ಪರೀಕ್ಷೆ ಮರಾಠಿಯದು, ಆದ್ದರಿಂದ ಪ್ರಶ್ನೆಗೆ ಉತ್ತರ ಮರಾಠಿಯಲ್ಲಿ, ಕೆಳಗೆ ಅದರ ವಿವರಣೆ ನಮ್ಮ ಮಾತಿನಲ್ಲಿ. ಆದರೆ ಅವರಿಗೆ ಓದಲು ಬರುವುದು ಮರಾಠಿ ಅಕ್ಷರವಷ್ಟೇ. ಹೀಗಾಗಿ ಕನ್ನಡವನ್ನೂ ಅದರಲ್ಲೇ ಬರೆಯುತ್ತಿದ್ದರು. ಕನ್ನಡ ಸಾಲೆಯಲ್ಲಿ ಓದಿದ ನನಗೆ ನಗು ತಡೆಯಲಿಲ್ಲ.

"ಇದೇನು, ಕನ್ನಡಕ್ಕ ಮರಾಠಿ ಸೀರಿ ಉಡಿಸ್ಯಾರ?" ಎಂದು ಹೆಂಡತಿಗೆ ಅಂದೆ.

ಬಾಗಿಲ ಹಿಂದಿನಿಂದ ಉತ್ತರ ಬಂತು: "ಸೀರಿ ಯಾವುದಿದ್ರೇನ ಅಕ್ಕಾ, ಒಳಗಿನಾಕಿ ನಾನೇ ಅಲ್ಲೇನು?"

ಮನೆಯಲ್ಲಿ ಹೈಸ್ಕೂಲು ಮುಗಿಸಿದವನು ನಾನೊಬ್ಬನೇ. ಆದ್ದರಿಂದ ಒಂದು ದಿನ ಆಕೆ ಆ ವಹಿಯಲ್ಲಿ ಬರೆಯುವ ಹಕ್ಕನ್ನು ನನಗೂ ಕೊಟ್ಟಳು. ತೆರೆದು ನೋಡಿದೆ. ಪುಟದ ಅಂಚಿನಲ್ಲಿ ಒಂದು ಸಾಲು ಇತ್ತು: "ಭಾವಾರ, ಇದು ಬರೋಬರಿ ಐತೇನ್ರಿ?"

ಮೂವತ್ತು ವರ್ಷದಲ್ಲಿ ನೇರವಾಗಿ ನನಗೇ ಹೇಳಿದ ಮೊದಲ ಮಾತು. ಮೂರು ಸಲ ಓದಿದೆ. ಎಮ್ಮೆಯ ಕೆಲಸ ಹೋಯಿತು.

ಒಂದೆರಡು ತಿಂಗಳು ನಾನು ಗುರುವಾಗಿ ಮೆರೆದೆ. ಪರೀಕ್ಷೆಗೆ ಎರಡು ವಾರ ಇದ್ದಾಗ ಯಾರೋ ಗ್ರಹಗಳೆಷ್ಟು ಎಂದು ಕೇಳಿದ್ದರು. ಒಂಬತ್ತು ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಮಧ್ಯಾಹ್ನ ಕಾರ್ಖಾನೆಯ ಊಟದ ಸುಟ್ಟಿಯ ಹೊತ್ತಿಗೆ ಅಂಚಿನಲ್ಲಿ ಆಕೆಯ ಸಾಲು ಬಂತು: "ಭಾವಾರ, ಈಗ ಎಂಟ ಅಂತ್ರಿ. ಒಂದನ್ನ ತಗದಾರ." ಅದರ ಕೆಳಗೆ ಸಂಗಡಿಗರಲ್ಲೊಬ್ಬಳು ಸೇರಿಸಿದಳು: "ನಿಮ್ಮ ಭಾವಾರು ಸಾಲಿ ಬಿಟ್ಟ ಮ್ಯಾಲ ತಗದಿರಬೇಕ ಬಿಡವಾ." ಅದಕ್ಕೆ ಉಳಿದವರ ನಗುವ ಮುಖಗಳು, ಸಾಲಾಗಿ.

ಬೆರಳು ಜಾರಿತು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಜಾರಲಿಲ್ಲ. ಇಡೀ ವಹಿಯನ್ನು ಬೆರಳಿನಿಂದ ಹಿಡಿದು ಅಳಿಸಿದೆ. ಒಂದು ವರ್ಷದ ಓದು, ಒಂದು ಕ್ಷಣದಲ್ಲಿ ಬಿಳಿ ಪುಟ.

ಮರುದಿನ ಬೆಳಿಗ್ಗೆ ಹೆಂಗಸರು ನಮ್ಮ ಅಂಗಳಕ್ಕೆ ಬಂದರು. "ಯಾರು ಅಳಿಸಿದ್ರು?" ಎಂದು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಕಟ್ಟೆಯ ಮೇಲೆ ಕೂತು, "ಈ ಫೋನ್ ನಂಬಬ್ಯಾಡ್ರಿ ಅಂತ ಮೊದಲೇ ಹೇಳಿದ್ದೆ," ಅಂದೆ. ಹೌದು, ಹಾಗೇ ಅಂದೆ.

ಬಾಗಿಲ ಮರೆಯಿಂದ ಆಕೆಯ ದನಿ ಬಂತು: "ನನ್ನ ಕೈಲೇ ಆತ್ರೆವಾ. ಹೊಸಾದು ನಾನೇ ಬರೀತೀನಿ."

ಬಾಯಿಗೆ ಬಂದಂತೆ ಬೈದರು. ಬೈಸಿಕೊಂಡಳು. ಹಳೆಯ ವಹಿಯನ್ನು ಯಾರಿಗೂ ತೆರೆಯದಂತೆ ಮುಚ್ಚಿದಳು. ಮುಂದಿನ ದಿನಗಳಲ್ಲಿ ಸಿಕ್ಕ ಹೊತ್ತೆಲ್ಲ ತಾನು ಓದುವುದು ಬಿಟ್ಟು ಅವರಿಗಾಗಿ ಹೊಸ ವಹಿ ಬರೆದಳು. ಫಲಿತಾಂಶ ಬಂದಾಗ ಅವರೆಲ್ಲ ಪಾಸಾಗಿದ್ದರು. ಈಕೆ ವಿಜ್ಞಾನದಲ್ಲಿ ನಪಾಸಾಗಿದ್ದಳು.

ಅಂದು ನನ್ನ ಹೆಂಡತಿ ನನ್ನ ಮುಂದೆ ತಾಟು ಇಟ್ಟು ಅಂದಳು: "ಆಕಿಗಿ ಗೊತ್ತೈತಿ."

"ಏನು?"

"ಯಾರು ಅಳಿಸಿದ್ರು ಅಂತ. ಆ ವಹ್ಯಾಗ ಹೆಸರು, ಟೈಮು ಎಲ್ಲಾ ಕಾಣತೈತಂತ. ಅಲ್ಲೇ ಒಂದು ಗುಂಡಿ ಒತ್ತಿದ್ರ ಹಳೇದು ವಾಪಸ್ ಬರತಿತ್ತಂತ. ಆದ್ರ ಹಳೇದು ತಂದ್ರ ಉಳಿದವರು ಅದರಾಗ ನಿಮ್ಮ ಹೆಸರ ನೋಡತಾರಂತ ಆ ವಹೀನ ಮುಚ್ಚಿದ್ಲು. ನಿಮಗ ಹೇಳಬ್ಯಾಡಂತ ಆಣಿ ಹಾಕಿದ್ಲು. ಇವತ್ತ ನನಗ ತಡೀಲಿಲ್ಲ."

ಆಮೇಲಿನ ಪರೀಕ್ಷೆಯಲ್ಲಿ ಆಕೆ ವಿಜ್ಞಾನ ಪಾಸಾದಳು. ಅಷ್ಟರಲ್ಲಿ ಸೂಪರ್ವೈಜರ್ ಜಾಗಕ್ಕೆ ಸಂಗಡಿಗರಲ್ಲೊಬ್ಬಳು ಬಂದಾಗಿತ್ತು. ಗ್ರಹದ ಮಾತು ಸೇರಿಸಿದ್ದವಳೇ. ತಾನು ಕಲಿಸಿದವಳ ಕೈಕೆಳಗೆ ಈಕೆ ಈಗಲೂ ಟವೆಲ್ಲಿನಲ್ಲಿ ತಪ್ಪಿದ ಎಳೆ ಹುಡುಕುತ್ತಾಳೆ. ನಾನು ಮತ್ತೆ ಎಮ್ಮೆಗೆ ಮಾತಾಡತೊಡಗಿದೆ. ನೇರ ಮಾತಾಡುವ ಪದ್ಧತಿ ಇಲ್ಲವಲ್ಲ ಎಂಬುದು ಎಷ್ಟು ಒಳ್ಳೆಯ ನೆಪ!

ಮೂರು ದಿನದ ಹಿಂದೆ ನನ್ನ ಫೋನು ಸದ್ದು ಮಾಡಿತು. ಹನ್ನೆರಡನೇ ಇಯತ್ತೆಗೆಂದು ಆಕೆ ಹೊಸ ವಹಿ ತೆರೆದಿದ್ದಾಳೆ. ಬರೆಯುವ, ಅಳಿಸುವ ಹಕ್ಕನ್ನು ಎಲ್ಲರಿಗಿಂತ ಮೊದಲು ನನಗೆ ಕೊಟ್ಟಿದ್ದಾಳೆ. ಪುಟ ಖಾಲಿ. ಅಂಚಿನಲ್ಲಿ ಒಂದೇ ಸಾಲು: "ಭಾವಾರ, ಮೊದಲನೇ ಸಾಲ ನೀವು ಬರೀರಿ."

ಒಳಗೆ ಆಕೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿದೆ. ಹತ್ತು ಹೆಜ್ಜೆ ದೂರ. ಆಕೆಗೆ ಕನ್ನಡ ಓದಲು ಬರುವುದಿಲ್ಲ. ಇದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿರುವುದೂ ನನ್ನ ಹೇಡಿತನವೇ. ಆದರೂ ಸಾಲೆಯ ಹುಡುಗರು ಪಾಟಿಯ ಮೇಲೆ ತಿದ್ದುವ ಹಾಗೆ ಇಲ್ಲಿ ಒಂದು ಸಲ ಬರೆದು ನೋಡುತ್ತೇನೆ. ಇದಾದ ಮೇಲೆ ಆ ವಹಿಯಲ್ಲಿ, ಆಕೆಯ ಅಕ್ಷರದಲ್ಲಿ, ಎಲ್ಲರಿಗೂ ಕಾಣುವಂತೆ ಬರೆಯಬೇಕು. ಮೂವತ್ತು ವರ್ಷ ಬಾಯಲ್ಲಿ ಬಾರದ ಹೆಸರು ಮೊದಲು ಬರಲಿ.

ಮಹಾದೇವಿ, ತಪ್ಪು ನನ್ನದು.