ಹಗುರದ್ದೊಂದು ಲ್ಯಾಪ್‌ಟಾಪು

ನಮ್ಮ ಕಡೆ ಹಗುರವಾದದ್ದಕ್ಕೆ ಮರ್ಯಾದೆ ಇಲ್ಲ. ತೆಂಗಿನಕಾಯಿ ಕೊಳ್ಳುವವರು ಅದನ್ನು ಅಂಗೈಯಲ್ಲಿ ತೂಗಿ ನೋಡುತ್ತಾರೆ, ಕುಂಬಳಕಾಯಿಯನ್ನು ಎರಡೂ ಕೈಯಿಂದ ಎತ್ತಿ ನೋಡುತ್ತಾರೆ, ಮದುವೆಗೆ ಬಂದ ಉಡುಗೊರೆಯ ಪೊಟ್ಟಣವನ್ನು ಬಿಚ್ಚುವ ಮೊದಲೇ ಎತ್ತಿ ನೋಡಿ ಕೊಟ್ಟವರ ಮನಸ್ಸು ಎಷ್ಟು ದೊಡ್ಡದೆಂದು ತೀರ್ಮಾನಿಸಿಬಿಡುತ್ತಾರೆ. ಗೌರವಕ್ಕೆ ಪಾತ್ರರಾದವರು ತೂಕದ ಮನುಷ್ಯರು. ಯಾರ ಮಾನವನ್ನಾದರೂ ಕಳೆಯಬೇಕಿದ್ದರೆ ಅವರ ಬಗ್ಗೆ ಹಗುರವಾಗಿ ಮಾತಾಡಿದರೆ ಸಾಕು. ಇಂಥ ನಾಡಿನಲ್ಲಿ ನಾನು ಹುಟ್ಟಿನಿಂದಲೇ ಹಗುರ ಆಸಾಮಿ. ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡ ಗೆಳೆಯರು ಅರ್ಧ ದಾರಿಯಲ್ಲಿ ತಿರುಗಿ, 'ಅದೀಯೇನಲೇ, ಬಿದ್ದೀಯೋ?' ಎಂದು ಕೇಳುತ್ತಿದ್ದರು. ಇದು ಸಾಲದೆಂಬಂತೆ ನಾನು ಮದುವೆಯಾದದ್ದು ಬಾಂಡೆ ಅಂಗಡಿಯವರ ಮಗಳನ್ನು.

ನನ್ನ ಮಾವ ಗುರಸಿದ್ದಪ್ಪನವರು ಮೂಲತಃ ಪಾರಿಶ್ವಾಡದವರು. ಖಾನಾಪುರದ ಪೇಟೆಯಲ್ಲಿ ಅವರದು ಹಿತ್ತಾಳೆ, ತಾಮ್ರದ ಪಾತ್ರೆಗಳ ದೊಡ್ಡ ಅಂಗಡಿ. ಪಾತ್ರೆಯ ವ್ಯಾಪಾರ ನಡೆಯುವುದೇ ತೂಕದ ಮೇಲೆ. ಹೀಗಾಗಿ ಜಗತ್ತಿನ ಯಾವ ವಸ್ತುವನ್ನೇ ಕಂಡರೂ ಅವರ ಕೈ ಮೊದಲು ಅದನ್ನು ಎತ್ತುತ್ತದೆ. ಆಮೇಲೆ ಕಣ್ಣು ನೋಡುತ್ತದೆ. ಎತ್ತಿದ್ದು ಭಾರವಾಗಿದ್ದರೆ ಮುಖ ಅರಳಿ, 'ವಜ್ಜಾ ಐತಿ, ಚಲೋ ಮಾಲು' ಎನ್ನುತ್ತಾರೆ. ಹಗುರವಾಗಿದ್ದರೆ ಏನೂ ಅನ್ನದೆ ಕೆಳಗಿಡುತ್ತಾರೆ. ನಾನು ಹೆಣ್ಣು ನೋಡಲು ಹೋದಾಗ, 'ಬರ್ರಿ, ಕುಂದರ್ರಿ' ಎಂದು ನನ್ನ ಎರಡೂ ರಟ್ಟೆ ಹಿಡಿದು ಗಾದಿಯ ಮೇಲೆ ಕೂರಿಸಿದರು. ಕೂರಿಸುವ ಮುನ್ನ ಒಂದು ಗಳಿಗೆ ಎತ್ತಿಯೂ ನೋಡಿದರೆಂದು ನನಗೆ ಇಂದಿಗೂ ಗುಮಾನಿ. ಏನೂ ಅನ್ನಲಿಲ್ಲ. ಒಳಗೆ ಹೋಗಿ ಅವಲಕ್ಕಿ ಕಳಿಸಿದರು.

ನನ್ನ ಕಸುಬಿಗೂ ತೂಕಕ್ಕೂ ಸಂಬಂಧವಿಲ್ಲವೆಂದು ನಾನು ತಿಳಿದಿದ್ದೆ. ಖಾನಾಪುರದ ವಕೀಲರೊಬ್ಬರ ಕಚೇರಿಯಲ್ಲಿ ಹಳೆಯ ಮರಾಠಿ ಕಾಗದಪತ್ರಗಳನ್ನು ಕನ್ನಡಕ್ಕೆ ಇಳಿಸುವುದು ನನ್ನ ಕೆಲಸ. ಎರಡೂ ಭಾಷೆ ಬಲ್ಲವರು ನಮ್ಮಲ್ಲಿ ಬೀದಿಗೊಬ್ಬರಿದ್ದಾರೆ. ಆದರೆ ಬಲ್ಲೆ ಎಂದು ಬೀಗುವವರಲ್ಲಿ ನಾನೇ ಮೊದಲಿಗ. ನನಗಿಂತ ಹಿಂದೆ ಆ ಕೆಲಸದಲ್ಲಿದ್ದವರು ಒಂದು ಖರೀದಿಪತ್ರದಲ್ಲಿ 'ಹಲಕಿ ಜಮೀನ' ಎಂದಿದ್ದುದನ್ನು 'ಹಗುರವಾದ ಜಮೀನು' ಎಂದು ಬರೆದಿದ್ದರಂತೆ. 'ಹೊಲ ಹಗೂರಂದ್ರ ಏನ್ರಿ? ಗಾಳಿಗೆ ಹಾರತಿತ್ತೇನು?' ಎಂದು ವಕೀಲರು ರೇಗಿದ್ದರಂತೆ. ನಾನು ಬಂದವನೇ ಅದನ್ನು 'ಕೆಳದರ್ಜೆಯ ಜಮೀನು' ಎಂದು ತಿದ್ದಿದೆ. 'ಮರಾಠಿಯ ಹಲಕಾ ಎಂಬ ಮಾತು ಬಲು ನಾಜೂಕಿನದು. ತೂಕಕ್ಕೆ ಹೇಳಿದರೆ ಹಗುರ, ಗುಣಕ್ಕೆ ಹೇಳಿದರೆ ಕೀಳು. ಸಂದರ್ಭ ನೋಡಿ ಆಡಬೇಕು' ಎಂದು ಕಚೇರಿಗೆ ಬಂದ ಕಕ್ಷಿದಾರರಿಗೂ ಚಹಾ ತರುವವನಿಗೂ ಪಾಠ ಹೇಳಿದೆ. ಓದುಗರು ದಯವಿಟ್ಟು ಈ ಪಾಠವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಬೇಕಾದ ಹೊತ್ತಿನಲ್ಲಿ ನನಗೆ ನೆನಪಾಗಲಿಲ್ಲ.

ತೊಂದರೆ ಶುರುವಾದದ್ದು ಸೊಂಟದಿಂದ. ಮನೆ ಬೆಳಗಾವಿಯ ಅನಗೋಳದಲ್ಲಿ, ಕೆಲಸ ಖಾನಾಪುರದಲ್ಲಿ, ನಡುವೆ ದಿನವೂ ರೈಲು. ಮೂಲ ಕಾಗದಗಳು ವಕೀಲರ ಕಚೇರಿ ಬಿಟ್ಟು ಹೊರಗೆ ಬರುವಂತಿಲ್ಲ. ಅಲ್ಲಿ ಕೂತು ಕೈಯಲ್ಲಿ ಬರೆದುಕೊಂಡು, ಮನೆಗೆ ತಂದು ಕಂಪ್ಯೂಟರಿನಲ್ಲಿ ಹೊಡೆದು, ಮರುದಿನ ಮುದ್ರಿಸಿದ್ದನ್ನು ಒಯ್ದು, ತಪ್ಪು ಕಂಡರೆ ತಿರುಗಿ ತಂದು ತಿದ್ದಬೇಕು. ಇದರ ಜೊತೆಗೆ ಚೀಲದಲ್ಲಿ ಎರಡು ಶಬ್ದಕೋಶಗಳು. ಒಂದೊಂದೂ ಮಸಾಲೆ ಕುಟ್ಟುವ ಕಲಬತ್ತಿನಷ್ಟು ಭಾರ. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆ ಚೀಲ ಎತ್ತಲು ಬಗ್ಗಿದವನು ಮೇಲೇಳಲಿಲ್ಲ. ತಿಂಗಳುಗಟ್ಟಲೆ ಹಾಸಿಗೆ. ಡಾಕ್ಟರರು ಸೊಂಟಕ್ಕೆ ಪಟ್ಟಿ ಬಿಗಿದು, 'ಭಾರ ಹೊರಬ್ಯಾಡ್ರಿ. ಇನ್ನೊಮ್ಮೆ ಹಿಡಕೊಂತಂದ್ರ ಖಾನಾಪುರ ಮರತಬಿಡ್ರಿ' ಎಂದರು. ಖಾನಾಪುರ ಮರೆತರೆ ಮನೆಯಲ್ಲಿ ಒಲೆ ಉರಿಯುವುದು ಹೇಗೆಂದು ಅವರು ಹೇಳಲಿಲ್ಲ. ವಕೀಲರೇ ದಾರಿ ತೋರಿಸಿದರು. 'ಒಂದು ಲ್ಯಾಪ್‌ಟಾಪ್ ತಗೊಳ್ರಿ. ಇಲ್ಲೇ ಕುಂತು ಹೊಡದು ಇಲ್ಲೇ ಮುಗಸ್ರಿ. ಕೋಶದ ಶಬ್ದಾನೂ ಅದರಾಗ ತುಂಬಿ ಇಟಗೊಳ್ರಿ. ಆದ್ರ ಹಗೂರದ್ದು ನೋಡಿ ತಗೊಳ್ರಿ ಮತ್ತ.'

ನಮ್ಮ ಬೆಳಗಾವಿಯಲ್ಲಿ ಇನ್ನೂ ಲ್ಯಾಪ್‌ಟಾಪನ್ನು ಚಿತ್ರದಲ್ಲಿ ನೋಡಿದವರೇ ಹೆಚ್ಚು. ನಾನು ಸುದ್ದಿ ತೆಗೆದಾಗ ನನ್ನ ಹೆಂಡತಿ ಸುಮಂಗಲಾ, 'ತೊಡಿ ಮ್ಯಾಲ ಇಟಗೊಂಡು ಕುಂದರಾಕ ಅದೇನು ಕೂಸೇನ್ರಿ?' ಎಂದು ಕೇಳಿದಳು. ಅದರೊಳಗೆ ಬ್ಯಾಟರಿ ಇರುತ್ತದೆ, ಕರೆಂಟು ಹೋದರೂ ನಡೆಯುತ್ತದೆ, ಸಿ.ಡಿ. ಹಾಕಿದರೆ ಸಿನೆಮಾ ಕಾಣುತ್ತದೆ ಎಂದೆ. ಹೇಳಬಾರದಿತ್ತು. ಅನಗೋಳದಲ್ಲಿ ಕರೆಂಟಿಗೂ ಸುಮಂಗಲೆಗೂ ಹಳೆಯ ವೈರ. ಟಿ.ವಿ.ಯಲ್ಲಿ ನಾಯಕಿಯ ಕಣ್ಣೀರು ಇನ್ನೇನು ಕೆನ್ನೆಗಿಳಿಯಬೇಕು, ಆಗಲೇ ಅದು ಹೋಗುತ್ತಿತ್ತು. ಎಷ್ಟೋ ಸಿನೆಮಾಗಳಲ್ಲಿ ಕೊನೆಗೆ ಯಾರು ಯಾರನ್ನು ಮದುವೆಯಾದರೆಂಬುದು ಅವಳಿಗೆ ಇನ್ನೂ ಗೊತ್ತಿಲ್ಲ. ಅವಳ ಕಣ್ಣು ಹೊಳೆಯಿತು. ಆ ಗಳಿಗೆಯಿಂದ ನನ್ನ ಲ್ಯಾಪ್‌ಟಾಪು ನಮ್ಮ ಲ್ಯಾಪ್‌ಟಾಪಾಯಿತು. ಸಂಜೆಯೊಳಗೆ ಸುದ್ದಿ ಖಾನಾಪುರಕ್ಕೆ ಮುಟ್ಟಿತು. ಮನೆಗೆ ಬೆಲೆಬಾಳುವ ಸಾಮಾನು ಬರುವಾಗ ಮಾವನವರು ಮುಟ್ಟಿ ನೋಡದೆ ಬಂದದ್ದು ನಮ್ಮಲ್ಲಿಲ್ಲ. 'ನಾ ಬರತೇನಿ, ಅಲ್ಲೀತನಕ ಕೈ ಹಚ್ಚಬ್ಯಾಡ್ರಿ' ಎಂದು ಫೋನಿನಲ್ಲಿ ಅಪ್ಪಣೆಯಾಯಿತು.

ಹೀಗೆ ನಾವು ಮೂವರು ಖಡೇಬಜಾರದ ಪಕ್ಕದ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆವು. ಒಳಗೆ ಕಾಲಿಡುವಾಗ ಮಾಲಕರು ಫೋನಿನಲ್ಲಿ ಮರಾಠಿ ಮಾತಾಡುತ್ತಿದ್ದರು. ಅದು ನನ್ನ ಕಿವಿಗೆ ಬಿತ್ತು. ಇಷ್ಟೇ ಸಾಕಾಯಿತು. ಮಾವನವರ ಎದುರು ನನಗೂ ಒಂದು ವಿದ್ಯೆ ಇದೆಯೆಂದು ತೋರಿಸುವ ಅವಕಾಶ ಎಷ್ಟು ಸಲ ಸಿಕ್ಕೀತು? ಅವರು ಫೋನು ಕೆಳಗಿಟ್ಟದ್ದೇ ತಡ, ಎದೆ ಸೆಟೆಸಿ ಶುದ್ಧ ಮರಾಠಿಯಲ್ಲಿ, 'ಆಮ್ಹಾಲಾ ಏಕ ಹಲಕಾ ಲ್ಯಾಪ್‌ಟಾಪ್ ದಾಖವಾ' ಎಂದೆ. ನಮಗೊಂದು ಹಗುರವಾದ ಲ್ಯಾಪ್‌ಟಾಪು ತೋರಿಸಿ ಎಂದು ನನ್ನ ಅರ್ಥ. ಮಾಲಕರ ಮುಖ ಬಿಗಿಯಿತು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಸುತ್ತಲಿದ್ದವರಿಗೆಲ್ಲ ಕೇಳುವಂತೆ ಕನ್ನಡದಲ್ಲೇ, 'ಹಲ್ಕಾ ಮಾಲ ನಮ್ಮಲ್ಲಿ ಸಿಗಂಗಿಲ್ಲರಿ. ಅಪ್ಪನ ಕಾಲದಿಂದ ವ್ಯಾಪಾರ ಮಾಡೇವಿ, ಒಂದು ದಿವಸಾನೂ ಹಲ್ಕಾ ಮಾಲ ಇಟ್ಟಿಲ್ಲ' ಎಂದರು.

ಮಾವನವರು ನನ್ನ ಕಡೆ ತಿರುಗಿದರು. ಜೀವಮಾನವಿಡೀ ವ್ಯಾಪಾರಿಯಾಗಿ ಬಾಳಿದ ಅವರಿಗೆ, ಅಳಿಯ ಇನ್ನೊಬ್ಬ ವ್ಯಾಪಾರಿಯ ಅಂಗಡಿಗೆ ನುಗ್ಗಿ ಕೀಳು ಸಾಮಾನು ಕೊಡಿ ಎಂದು ಕೇಳಿದ್ದು ಎಂಥ ಅವಮಾನವೆಂದು ಮುಖದಲ್ಲೇ ಕಂಡಿತು. 'ಹಂಗಲ್ಲರಿ, ಹಗೂರದ್ದು, ಹಗೂರದ್ದು' ಎಂದು ನಾನು ಬಡಬಡಿಸಿದೆ. ಅವಸರದಲ್ಲಿ ಅದೂ ಕೀಳು ಮಾಲೆಂದೇ ಕೇಳಿಸಿತು. 'ಅದನ್ನ ಅಲ್ಲೇನ್ರಿ ನಾ ಹೇಳಿದ್ದು' ಎಂದರು ಮಾಲಕರು. ವಜನಾಲಾ ಹಲಕಾ, ಅಂದರೆ ತೂಕಕ್ಕೆ ಹಗುರ ಎಂದು ಒಂದೇ ಒಂದು ಮಾತು ಮುಂದೆ ಸೇರಿಸಿದ್ದರೆ ಮುಗಿಯುತ್ತಿತ್ತು. ಹೊಟ್ಟೆಪಾಡಿಗೆ ದಿನವೂ ಆ ಎರಡು ಭಾಷೆಗಳ ನಡುವೆ ಓಡಾಡುವವನಿಗೆ ಆ ಹೊತ್ತಿನಲ್ಲಿ ಎರಡೂ ಕೈಕೊಟ್ಟವು.

ಆದರೂ ಮಾಲಕರು ಒಳ್ಳೆಯವರು. ಎರಡು ಲ್ಯಾಪ್‌ಟಾಪು ತಂದು ಗಾಜಿನ ಮೇಲಿಟ್ಟರು. ಒಂದು ತೆಳ್ಳಗೆ, ಬೂದು ಬಣ್ಣದ್ದು, ನನಗಾಗಿಯೇ ಹುಟ್ಟಿದಂತಿತ್ತು. ಇನ್ನೊಂದು ಕಪ್ಪಗೆ, ದಪ್ಪಗೆ, ಅಂಚೆಲ್ಲ ಉಬ್ಬಿಕೊಂಡು ಕಟ್ಟೆಯ ಮೇಲೆ ಕೂತ ಸಾವಕಾರನಂತೆ ಕೂತಿತ್ತು. ನಾನು ತೆಳ್ಳನೆಯದಕ್ಕೆ ಕೈ ಹಾಕುವುದರೊಳಗೆ ಸುಮಂಗಲಾ, 'ಇದರಾಗ ಸೀಡಿ ಎಲ್ಲಿ ಹಾಕೂದು?' ಎಂದು ಕೇಳಿದಳು. 'ಇದಕ್ಕ ಸೀಡಿ ಖಾನೆ ಇಲ್ಲರಿ ಅಕ್ಕಾರ. ಅದನ್ನ ಬ್ಯಾರೆ ತಂದು ವಾಯರ್‌ಲೆ ಜೋಡಸಬೇಕು. ಆ ದಪ್ಪಂದ್ರಾಗ ಎಲ್ಲಾ ಒಳಗ ಐತಿ' ಎಂದರು ಮಾಲಕರು. ಸುಮಂಗಲಾ ತೆಳ್ಳನೆಯದನ್ನು ಅಲ್ಲಿಗೇ ಬಿಟ್ಟಳು. ಹಗುರವಾಗಿಸುವುದೆಂದರೆ ಒಳಗಿದ್ದುದನ್ನು ಕಿತ್ತು ಬೇರೆ ಚೀಲದಲ್ಲಿ ಹೊರಿಸುವುದೆಂದು ನನಗೆ ಆಗ ಗೊತ್ತಾಯಿತು. ಇನ್ನುಳಿದದ್ದು ಮಾವನವರ ಕೈ. ಅವರು ತೆಳ್ಳನೆಯದನ್ನು ಎತ್ತಿದರು, ಏನೂ ಅನ್ನದೆ ಕೆಳಗಿಟ್ಟು ಒಂದು ಗಳಿಗೆ ನನ್ನ ಮುಖ ನೋಡಿದರು. ದಪ್ಪನೆಯದನ್ನು ಎತ್ತಿದರು. 'ವಜ್ಜಾ ಐತಿ. ಚಲೋ ಮಾಲು.' ನನ್ನ ಸೊಂಟವೊಂದನ್ನು ಬಿಟ್ಟು ಅಂಗಡಿಯಲ್ಲಿದ್ದ ಎಲ್ಲರ ಮತವೂ ಅದಕ್ಕೇ ಬಿತ್ತು. ಹಲ್ಕಾ ಮಾಲು ಕೇಳಿ ಆಗಲೇ ಮಾನ ಕಳೆದುಕೊಂಡವನು ಮತ್ತೆ ಬಾಯಿ ಬಿಡುವುದಾದರೂ ಹೇಗೆ? ದಪ್ಪನೆಯದೇ ಮನೆಗೆ ಬಂತು. ಬಾಗಿಲಲ್ಲಿ ಆರತಿಯೂ ಆಯಿತು.

ಮೊದಲ ದಿನ ಅದನ್ನು ಹೊತ್ತು ರೈಲು ಹತ್ತಿದೆ. ಬೆನ್ನು ಬೇಡವೆಂದು ಎದೆಗಪ್ಪಿಕೊಂಡು ಒಂದು ಸೀಟಿನ ತುದಿಯಲ್ಲಿ ಕೂತೆ. ಎದುರಿಗಿದ್ದ ಜಾಂಬೋಟಿ ಕಡೆಯ ಅಜ್ಜಿಯೊಬ್ಬರು ನನ್ನನ್ನೂ ಚೀಲವನ್ನೂ ಬಹಳ ಹೊತ್ತು ನೋಡಿ, 'ಪೇಟಿ ಹೊತ್ತೀರೇನ್ರಿ? ಭಜನಿ ಯಾವೂರಾಗ ಐತಿ?' ಎಂದು ಕೇಳಿದರು. ನಮ್ಮ ಕಡೆ ಪೇಟಿ ಎಂದರೆ ಹಾರ್ಮೋನಿಯಂ. 'ಪೇಟಿ ಅಲ್ಲಜ್ಜಿ, ಕಂಪ್ಯೂಟರ' ಎಂದೆ. 'ಇರಲಿ ತಗಿರಿ, ಒಂದು ಅಭಂಗ ಬಾರಸ್ರಿ' ಎಂದರು. ಅಕ್ಕಪಕ್ಕದವರೂ ಸರಿದು ಕೂತರು. ತೆರೆದು ತೋರಿಸದೆ ಬಿಡುವಂತಿರಲಿಲ್ಲ. ತೊಡೆಯ ಮೇಲಿಟ್ಟು ಗುಂಡಿ ಒತ್ತಿದೆ. ಅದು ಗುಂಯ್ ಎಂದಿತು. ದೇಸೂರು ಹೋಯಿತು, ಇನ್ನೂ ಗುಂಯ್ ಎನ್ನುತ್ತಲೇ ಇತ್ತು. ತೊಡೆ ಕಾದು ರೊಟ್ಟಿ ಹಂಚಾಯಿತು. ಪರದೆಯ ಮೇಲೆ ಬಣ್ಣ ಮೂಡುವ ಹೊತ್ತಿಗೆ ಬ್ಯಾಟರಿ ಮುಗಿದು ಎಲ್ಲ ಕಪ್ಪಾಯಿತು. ಹಿಂದಿನ ದಿನ ಕರೆಂಟು ಹೋದಾಗ ಸುಮಂಗಲಾ ಅದರಲ್ಲಿ ಒಂದು ಸಿನೆಮಾದ ಮದುವೆಯನ್ನು ಕೊನೆತನಕ ನೋಡಿದ್ದಳು. 'ಸೂರ ಹಿಡೀಲೇ ಇಲ್ಲ ನೋಡು ಪಾಪ' ಎಂದು ಅಜ್ಜಿ ನನ್ನನ್ನೇ ಸಮಾಧಾನಪಡಿಸಿದರು. ಖಾನಾಪುರ ಬಂತು. ಒಂದು ಕೈಯಲ್ಲಿ ಅದನ್ನು ಹಿಡಿದು ಮೆಟ್ಟಿಲಿನಿಂದ ಪ್ಲಾಟ್‌ಫಾರ್ಮಿಗೆ ಕಾಲಿಟ್ಟೆ. ಸೊಂಟದಲ್ಲಿ ಕಳಕ್ ಎಂದಿತು. ಅಲ್ಲಿಂದ ಮುಂದೆ ಲ್ಯಾಪ್‌ಟಾಪನ್ನು ಒಬ್ಬರು, ನನ್ನನ್ನು ಇಬ್ಬರು ಹೊತ್ತರು.

ಈಗ ನಾನು ಅನಗೋಳದ ಮನೆಯಲ್ಲಿ ಪಟ್ಟಿ ಕಟ್ಟಿಕೊಂಡು ಅಂಗಾತ ಮಲಗಿದ್ದೇನೆ. ಕೆಲಸ ಹೋಗಿಲ್ಲ. ಎದ್ದು ಬರುವತನಕ ಕಾಯುತ್ತೇನೆಂದು ವಕೀಲರು ಹೇಳಿಕಳಿಸಿದ್ದಾರೆ. ಎಲ್ಲಿಯವರೆಗೆ ಕಾದಾರೆಂದು ಹೇಳಿಕಳಿಸಿಲ್ಲ. ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪಿದೆ. ಕರೆಂಟಿದ್ದರೂ ಇಲ್ಲದಿದ್ದರೂ ಅದರಲ್ಲಿ ಯಾರೋ ಯಾರನ್ನೋ ಮದುವೆಯಾಗುತ್ತಿರುತ್ತಾರೆ.

ನಿನ್ನೆ ಮಾವನವರು ನೋಡಲು ಬಂದರು. ಬಂದವರೇ ಮೊದಲು ಲ್ಯಾಪ್‌ಟಾಪನ್ನು ಎತ್ತಿ, ಇಟ್ಟು, ಆಮೇಲೆ ನನ್ನ ಬಳಿ ಕೂತರು. 'ಅಳಿಯಾರ, ಖರೇ ಹೇಳಲೇನು? ಆ ತೆಳ್ಳಂದ ನಿಮಗ ಬೇಷಿತ್ತು' ಎಂದರು. ನನಗೆ ಮೈ ಉರಿಯಿತು. 'ಮತ್ತ ಅಂಗಡ್ಯಾಗ ಯಾಕ ಸುಮ್ಮನಿದ್ರಿ?' ಎಂದೆ.

'ನೀವ ಹಲ್ಕಾದ್ದು ಕೊಡ್ರಿ ಅಂದ್ರಲ್ಲ. ಸೊಂಟದ ಸಲುವಾಗಿ ಅಂತ ನನಗೇನು ಗೊತ್ತು? ರೊಕ್ಕಾ ಉಳಸಾಕ ಖೊಟ್ಟಿ ಮಾಲು ಕೇಳ್ಯಾರ, ಆ ತೆಳ್ಳಂದ ಅದ ಇರಬೇಕು ಅಂದಕೊಂಡೆ.' ಅವರು ಹಾಸಿಗೆಗೆ ಇನ್ನಷ್ಟು ಹತ್ತಿರ ಸರಿದರು. 'ನೀವು ಸುಮಾನ್ನ ನೋಡಾಕ ಬಂದಾಗ ನಮ್ಮ ತಮ್ಮ ನನ್ನ ಬಾಜೂಕ ಕರದು, ಹುಡುಗ ಹಲ್ಕಾ ಅದಾನ, ಬ್ಯಾಡ ಅಂದಿದ್ದ. ನಾ ಅಂದೆ, ಹಲ್ಕಾ ಅಲ್ಲೋ ತಮ್ಮಾ, ಹಗೂರ ಅದಾನ. ಎರಡಕ್ಕೂ ಭಾಳ ಫರಕ ಐತಿ. ಹಂಗಂದ ಮಗಳ್ನ ಕೊಟ್ಟೆ.'

ಸುಮಂಗಲಾ ಸಿನೆಮಾ ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದಳು. ನಾನು ಮಾಡಿನ ಕಡೆ ನೋಡಿದೆ. ಇಷ್ಟು ವರ್ಷ ನನ್ನನ್ನು ಎತ್ತಿ, ಏನೂ ಅನ್ನದೆ ಕೆಳಗಿಟ್ಟರೆಂದು ನಾನು ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದೆ. ಈ ಮನುಷ್ಯ ಒಳಗೆ ಹೋಗಿ ಅವಲಕ್ಕಿ ಕಳಿಸುವ ಮೊದಲು ನನ್ನ ಪರವಾಗಿ ಜಗಳಾಡಿದ್ದರು. ಸುಮಂಗಲಾ ಆಗಲೇ ತಂದಿಟ್ಟ ಚಹಾದ ಕಪ್ಪುಗಳು ಪಕ್ಕದಲ್ಲೇ ಇದ್ದವು. 'ಚಹಾ ತಣ್ಣಗಾಗತೈತಿ' ಎಂದೆ.

'ಏಳ್ರಿ, ಕುಂತ ಕುಡೀರಿ' ಎಂದು ಮಾವನವರು ಎದ್ದು, ನನ್ನ ಎರಡೂ ರಟ್ಟೆ ಹಿಡಿದು ನಿಧಾನವಾಗಿ ಎತ್ತಿದರು. ಎತ್ತಿದವರು ಒಂದು ಗಳಿಗೆ ತಡೆದರು. ಮಲಗಿದಲ್ಲೇ ನಾನು ಅವರ ಮಗಳ ಕೈಯ ಹೋಳಿಗೆ ತುಪ್ಪ ತಿಂದು ಬೆಳೆಸಿದ ತೂಕ ಅವರ ಕೈಗೆ ಸಿಕ್ಕಿರಬೇಕು. ಮುಖ ಅರಳಿತು.

'ಈಗ ವಜ್ಜಾ ಬಂತು ನೋಡವಾ' ಎಂದರು ಮಗಳಿಗೆ. ಮದುವೆಯಾದ ದಿನದಿಂದ ಆ ಮಾತಿಗಾಗಿ ಕಾದಿದ್ದವನು ನಾನು. ಅದು ಸಿಕ್ಕಾಗ ನನ್ನ ಭಾರವನ್ನು ನಾನೇ ಹೊರುವ ಸ್ಥಿತಿಯಲ್ಲಿರಲಿಲ್ಲ.